ಬುಕ್ಕಾಪಟ್ಟಣದ ಅಂಚು, ಮಧುಗಿರಿಯ ಬಂಡೆ: ಪುರಾತನ ಸ್ತರಭಂಗಗಳೂ ಸವೆದುಹೋದ ಪರ್ವತಪಟ್ಟಿಯೂ

ತುಮಕೂರು ಜಿಲ್ಲೆಯ ಉತ್ತರ ಮತ್ತು ಪೂರ್ವಕ್ಕೆ ಚಾಚಿಕೊಂಡಿರುವ ಶಿರಾ, ಕೊರಟಗೆರೆ, ಮಧುಗಿರಿ, ಪಾವಗಡ ತಾಲ್ಲೂಕುಗಳನ್ನು ಭೂವಿಜ್ಞಾನದ ನಕ್ಷೆಯಲ್ಲಿ ನೋಡಿದರೆ, ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಹಾದುಹೋಗುವ ಮೂರು ಪಟ್ಟಿಗಳು ಕಾಣುತ್ತವೆ. ಪಶ್ಚಿಮದಲ್ಲಿ, ಬುಕ್ಕಾಪಟ್ಟಣದ ಕುರುಚಲು ಗುಡ್ಡಗಳ ಕಡೆಗೆ, ಚಿತ್ರದುರ್ಗ ಷಿಸ್ಟ್ ಪಟ್ಟಿಯ ಪೂರ್ವದ ಅಂಚು. ನಡುವೆ, ಶಿರಾ ಪೇಟೆಯನ್ನೂ ಅದರ ಕೆರೆಗಳನ್ನೂ ಹೊತ್ತ ನೈಸ್ ಶಿಲೆಯ ಬಯಲು. ಪೂರ್ವದಲ್ಲಿ, ಕೊರಟಗೆರೆಯಿಂದ ಮಧುಗಿರಿಯ ಮೂಲಕ ಪಾವಗಡಕ್ಕೆ ಏರಿಳಿಯುತ್ತ ಸಾಗುವ ಕ್ಲೋಸ್‌ಪೇಟೆ ಗ್ರಾನೈಟಿನ ಬೆಟ್ಟಸಾಲು. ಮೂರೂ ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಒಂದು ಪರ್ವತಪಟ್ಟಿಯ ಉಳಿಕೆಗಳು. ಆ ಪರ್ವತಪಟ್ಟಿಯ ರೂಪವನ್ನು ಗೊತ್ತುಮಾಡಿದ್ದು ಅದು ಎದ್ದ ಕಾಲದ ಒತ್ತಡವೋ, ಅಥವಾ ಅದಕ್ಕೂ ಮೊದಲು ನೆಲ ಬಿರಿದು ತಗ್ಗಾದಾಗ ಹುಟ್ಟಿದ ಸ್ತರಭಂಗಗಳೋ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಬುಕ್ಕಾಪಟ್ಟಣದ ಕಡೆಯ ಅಂಚು ಹಳೆಯ ತಗ್ಗಿನ ಅಂಚಿನಿಂದ ಬಂದ ಬಳುವಳಿ ಎನ್ನಲು ಆಧಾರವಿದೆ, ಮಧುಗಿರಿಯ ಗ್ರಾನೈಟಿನ ಬಗ್ಗೆ ಅದೇ ಮಾತನ್ನು ಅಷ್ಟೇ ಸಲೀಸಾಗಿ ಹೇಳಲಾಗದು.

ಮೊದಲು ಒಂದು ತಪ್ಪುಗ್ರಹಿಕೆಯನ್ನು ಬದಿಗಿಡಬೇಕು. ಇಂದು ಕಣ್ಣಿಗೆ ಕಾಣುವ ಮಧುಗಿರಿ ಬೆಟ್ಟ, ಸಿದ್ಧರ ಬೆಟ್ಟ, ಚನ್ನರಾಯನದುರ್ಗ, ಮಿಡಿಗೇಶಿ, ನಿಡುಗಲ್ಲು, ಪಾವಗಡದ ಕೋಟೆಬೆಟ್ಟ ಇವು ಯಾವುವೂ ಆ ಹಳೆಯ ಪರ್ವತಗಳಲ್ಲ. ಸಮುದ್ರಮಟ್ಟದಿಂದ 1,193 ಮೀಟರ್ ಎತ್ತರದ ಮಧುಗಿರಿ ಬೆಟ್ಟ ಸುತ್ತಲ ಬಯಲಿಗಿಂತ ನಾನೂರು ಮೀಟರಿನಷ್ಟು ಎದ್ದು ನಿಂತಿರುವುದು ಯಾರೂ ಅದನ್ನು ಎತ್ತಿದ್ದರಿಂದಲ್ಲ, ಸುತ್ತಲಿನದು ಸವೆದು ಹೋದದ್ದರಿಂದ. ಒಂದು ಕಾಲಕ್ಕೆ ಈ ಬಂಡೆಯ ಮೇಲೆ ಹತ್ತು ಕಿಲೋಮೀಟರಿಗೂ ಹೆಚ್ಚು ದಪ್ಪದ ಶಿಲೆ ಕೂತಿತ್ತು. ನಾವು ನಡೆದಾಡುತ್ತಿರುವುದು ಆ ಪರ್ವತಗಳ ಬುಡದಲ್ಲಿ. ‘ಏಷ್ಯಾದ ಎರಡನೆಯ ಅತಿ ದೊಡ್ಡ ಏಕಶಿಲೆ’ ಎಂಬ ಪ್ರವಾಸಿ ಫಲಕದ ಮಾತಿಗೂ ಇಲ್ಲಿ ಹೆಚ್ಚಿನ ಕೆಲಸವಿಲ್ಲ. ಭೂವಿಜ್ಞಾನದ ದೃಷ್ಟಿಯಲ್ಲಿ ಆ ಬಂಡೆ ತನ್ನಷ್ಟಕ್ಕೆ ನಿಂತ ಒಂಟಿ ಕಲ್ಲಲ್ಲ. ನೂರಾರು ಕಿಲೋಮೀಟರ್ ಉದ್ದದ ಒಂದೇ ಶಿಲಾರಾಶಿಯಲ್ಲಿ ಬಿರುಕು ಕಡಿಮೆ ಇದ್ದ ಒಂದು ಭಾಗ, ಆದ್ದರಿಂದ ಉಳಿದುಕೊಂಡ ಭಾಗ.

ಪರ್ವತಪಟ್ಟಿಗಳು ಹಳೆಯ ಸೀಳುಗಳನ್ನು ನೆನಪಿಟ್ಟುಕೊಳ್ಳುತ್ತವೆ ಎಂಬ ವಿಚಾರ ಹೊಸದಲ್ಲ. 1966ರಲ್ಲಿ ಜೆ. ಟುಜೊ ವಿಲ್ಸನ್ ಅಟ್ಲಾಂಟಿಕ್ ಸಾಗರ ಒಮ್ಮೆ ಮುಚ್ಚಿ ಮತ್ತೆ ತೆರೆಯಿತೇ ಎಂದು ಕೇಳಿದಾಗ, ಖಂಡಗಳು ಒಡೆಯುವುದೂ ಕೂಡುವುದೂ ಹೆಚ್ಚುಕಡಿಮೆ ಅದದೇ ಗೆರೆಗಳ ಮೇಲೆ ಎಂಬ ಸೂಚನೆ ಅದರೊಳಗಿತ್ತು. 1977ರಲ್ಲಿ ವಿಲಿಯಂ ಥಾಮಸ್ ಅಮೆರಿಕದ ಅಪಲೇಚಿಯನ್ ಪರ್ವತಗಳ ಅಂಕುಡೊಂಕನ್ನು ಅದಕ್ಕೂ ಮೊದಲಿದ್ದ ಖಂಡದಂಚಿನ ಮೂಲೆಮುಡುಕುಗಳಿಗೆ ಜೋಡಿಸಿದರು. ಖಂಡ ಒಡೆದಾಗ ಎಲ್ಲಿ ಮೂಗಿನಂತೆ ಚಾಚಿತ್ತೋ ಅಲ್ಲಿ ಮಡಿಕೆಗಳು ಹಿಂದಕ್ಕೆ ಬಾಗಿವೆ, ಎಲ್ಲಿ ಒಳಸರಿದಿತ್ತೋ ಅಲ್ಲಿ ಮುಂದಕ್ಕೆ ಉಬ್ಬಿವೆ. ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಬೂರ್ ದ್ವಾಸಾನ್ ಸುತ್ತ ಜುರಾಸಿಕ್ ಕಾಲದ ಓರೆತಗ್ಗುಗಳ ಸ್ತರಭಂಗಗಳು ಇಂದಿಗೂ ಗುರುತು ಹಿಡಿಯುವ ಹಾಗಿವೆ. ನಮಗೆ ಹತ್ತಿರದ ಉದಾಹರಣೆ ಬೇಕೆಂದರೆ ಪಾವಗಡದಿಂದ ಪೂರ್ವಕ್ಕೆ, ಆಂಧ್ರದ ಕಡಪ ತಗ್ಗು. ಅಲ್ಲಿನ ಪುಲಿವೆಂದುಲ ಶಿಲಾಹಾಸಿನ ವಯಸ್ಸು ಸುಮಾರು 188 ಕೋಟಿ ವರ್ಷ. ನೆಲ ಹಿಗ್ಗಿ, ಕುಸಿದು, ಶಿಲಾಪಾಕ ಮೇಲೆ ಬಂದ ಕಾಲ ಅದು. ಆಮೇಲೆ ಅದೇ ತಗ್ಗಿನ ಪೂರ್ವಭಾಗ ಪಶ್ಚಿಮಕ್ಕೆ ತಳ್ಳಲ್ಪಟ್ಟು ನಲ್ಲಮಲ ಮಡಿಕೆಪಟ್ಟಿಯಾಯಿತು. ಪಶ್ಚಿಮಭಾಗದ ಪದರಗಳು ಇಂದಿಗೂ ಹೆಚ್ಚು ಕದಡದೆ ಭೂವಿಜ್ಞಾನಿಗಳು ‘ಧಾರವಾಡ’ ಎಂದು ಕರೆಯುವ ದಕ್ಷಿಣ ಭಾರತದ ಹಳೆಯ ಖಂಡದ ನೆಲದ ಮೇಲೆ ಮಲಗಿವೆ.

ಇಂಥ ಉದಾಹರಣೆಗಳನ್ನು ಓದಿದಾಗ ಎರಡು ಗೆರೆ ಅಕ್ಕಪಕ್ಕ ಓಡುತ್ತಿರುವುದನ್ನು ಕಂಡಲ್ಲೆಲ್ಲ ‘ಬಳುವಳಿ’ ಎಂದು ಬರೆದುಬಿಡುವ ಚಪಲ ಬರುತ್ತದೆ. ಅದಕ್ಕೆ ಕಡಿವಾಣ ಹಾಕುವುದು ಯಂತ್ರಶಾಸ್ತ್ರ. ನೆಲ ಹಿಗ್ಗಿದಾಗ ಹುಟ್ಟುವ ಸ್ತರಭಂಗ ಸಾಮಾನ್ಯವಾಗಿ 60 ಡಿಗ್ರಿಯಷ್ಟು ಕಡಿದಾಗಿ ಇಳಿಯುತ್ತದೆ. ನೆಲ ಕುಗ್ಗುವಾಗ ಜಾರಲು ಅನುಕೂಲವಾದ ಇಳಿಜಾರು 30 ಡಿಗ್ರಿಯ ಆಸುಪಾಸು. ಅಂದರೆ ಹಿಗ್ಗಿನ ಕಾಲದ ಸ್ತರಭಂಗವನ್ನು ನೇರವಾಗಿ ಒತ್ತಿದರೆ ಅದು ಜಾರುವುದಕ್ಕಿಂತ ಬಿಗಿದುಕೊಳ್ಳುವ ಸಾಧ್ಯತೆಯೇ ಹೆಚ್ಚು. ಅದನ್ನು 1985ರಲ್ಲಿ ರಿಚರ್ಡ್ ಸಿಬ್ಸನ್ ಲೆಕ್ಕ ಹಾಕಿ ತೋರಿಸಿದರು. ಬಿಗಿದುಕೊಂಡ ಸ್ತರಭಂಗಕ್ಕೆ ಉಳಿಯುವ ದಾರಿಗಳು ಮೂರೇ. ಒಂದೋ ಅದು ಗೋಡೆಯ ಹಾಗೆ ನಿಂತು, ಮೇಲಿನ ಪದರಗಳು ತನಗೆ ಒರಗಿ ಮಡಿಚಿಕೊಳ್ಳುವಂತೆ ಮಾಡಬೇಕು. ಇಲ್ಲವೇ ಒತ್ತಡ ಓರೆಯಾಗಿದ್ದು ಸ್ತರಭಂಗದ ಎರಡು ಬದಿಗಳು ಪಕ್ಕಕ್ಕೆ ಸರಿಯಬೇಕು. ಅದೂ ಇಲ್ಲವಾದರೆ ಆಳದ ದ್ರವದ ಒತ್ತಡ ಮೇಲಿನ ಶಿಲೆಯ ಭಾರದ ಮಟ್ಟಕ್ಕೆ ಏರಿ, ಸ್ತರಭಂಗದ ಎರಡು ಮೈಗಳನ್ನು ಒಂದರಿಂದೊಂದು ಬಿಡಿಸಬೇಕು. ಈ ಮೂರರಲ್ಲಿ ಒಂದರ ಗುರುತಾದರೂ ಶಿಲೆಯಲ್ಲಿ ಸಿಗದಿದ್ದರೆ ಬಳುವಳಿಯ ಮಾತು ಬರಿಯ ನಕ್ಷೆಯ ಮಾತಾಗಿ ಉಳಿಯುತ್ತದೆ.

ಚಿತ್ರದುರ್ಗ ಪಟ್ಟಿಯಲ್ಲಿ ಇವುಗಳಲ್ಲಿ ಎರಡು ಸಿಗುತ್ತವೆ ಎಂಬುದೇ ನನ್ನ ವಾದದ ತಿರುಳು.

ಆ ಪಟ್ಟಿ ಒಂದು ತಗ್ಗಾಗಿತ್ತು ಎನ್ನುವುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ನೀರಿನೊಳಗೆ ಹರಿದು ದಿಂಬು ದಿಂಬಾಗಿ ಹೆಪ್ಪುಗಟ್ಟಿದ ಲಾವಾ ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿದೆ; ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಗ್ರಾನೈಟ್, ನೈಸ್ ಶಿಲೆಗಳ ಉರುಟುಗಲ್ಲುಗಳನ್ನು ಹೊತ್ತ ತಾಳ್ಯದ ಪಿಂಡಶಿಲೆ, ಆಗ ಪಕ್ಕದಲ್ಲಿ ಎತ್ತರದ ನೆಲವೊಂದು ಸವೆಯುತ್ತಿತ್ತು ಎಂಬುದಕ್ಕೆ ಸಾಕ್ಷಿ. ಆ ಎತ್ತರದ ನೆಲ ಸ್ತರಭಂಗದಿಂದಲೇ ಎದ್ದದ್ದು ಎಂದು ಪಿಂಡಶಿಲೆಯೊಂದೇ ಹೇಳಲಾರದು. ಉರುಟುಗಲ್ಲು ಯಾವ ಕಡೆಗೆ ದೊಡ್ಡದಾಗುತ್ತ ಹೋಗುತ್ತದೆ, ಪದರ ಯಾವ ಕಡೆಗೆ ದಪ್ಪವಾಗುತ್ತದೆ ಎಂಬುದನ್ನೂ ನೋಡಬೇಕು.

ಇನ್ನೂ ಗಟ್ಟಿಯಾದ ಸುಳಿವು ಪಟ್ಟಿಯ ಎರಡು ಅಂಚುಗಳ ನಡುವಿನ ವ್ಯತ್ಯಾಸ. ಧಾರವಾಡ ಷಿಸ್ಟುಗಳ ಪಶ್ಚಿಮದ ಅಂಚುಗಳಲ್ಲಿ, ಹಳೆಯ ನೈಸ್ ನೆಲದ ಮೇಲೆ ಮರಳು-ಬೆಣಚು ಪದರಗಳು ಕೂತ ಮೂಲ ಸಂಧಿಯನ್ನು ಇಂದಿಗೂ ಹಲವೆಡೆ ಗುರುತಿಸಬಹುದು. ಪೂರ್ವದ ಅಂಚು ಹಾಗಲ್ಲ. ಗದಗದಿಂದ ಮಂಡ್ಯದವರೆಗೆ ಅದರುದ್ದಕ್ಕೂ ಶಿಯರ್ ವಲಯವೊಂದು ಹಾದುಹೋಗುತ್ತದೆ: ಶಿಲೆ ಮುರಿಯದೆ, ಬಿಸಿಯಲ್ಲಿ ಎಳೆದಾಡಿಸಿಕೊಂಡು, ಖನಿಜಗಳು ನಾರಿನಂತೆ ಒಂದೇ ಕಡೆಗೆ ಚಾಚಿದ ಪ್ರದೇಶ. 1980ರಲ್ಲಿ ಡ್ರೂರಿ ಮತ್ತು ಹೋಲ್ಟ್ ಲ್ಯಾಂಡ್‌ಸ್ಯಾಟ್ ಚಿತ್ರಗಳಿಂದ ದಕ್ಷಿಣ ಭಾರತದ ಇಂಥ ದೊಡ್ಡ ಗೆರೆಗಳನ್ನು ಎಳೆದು ತೋರಿಸಿದರು. ಆಮೇಲೆ ಚಾಡ್ವಿಕ್, ವಾಸುದೇವ್, ಹೆಗಡೆ ಅವರ ತಂಡ ನೆಲದ ಮೇಲೆ ನಡೆಸಿದ ಕೆಲಸದಲ್ಲಿ ಈ ಅಂಚಿನ ಸರಿದಾಟ ಎಡಮಗ್ಗುಲಿನದು ಎಂದು ಕಂಡಿತು. ಅಂದರೆ ಗೆರೆಯ ಒಂದು ಬದಿಯಲ್ಲಿ ನಿಂತವನಿಗೆ ಆಚೆ ಬದಿ ತನ್ನ ಎಡಕ್ಕೆ ಸರಿದಂತೆ ತೋರುತ್ತದೆ. ಜೊತೆಗೆ ಅಡ್ಡ ಒತ್ತಡವೂ ಇತ್ತು. ಮೇಲೆ ಹೇಳಿದ ಎರಡನೆಯ ದಾರಿಯ ಗುರುತು ಇದು. ಒಂದು ಬದಿಯಲ್ಲಿ ಮಾತ್ರ ದೊಡ್ಡ ಸ್ತರಭಂಗವಿರುವ ಓರೆತಗ್ಗನ್ನು ಓರೆಯಾಗಿ ಒತ್ತಿದರೆ ಸಿಗಬೇಕಾದದ್ದು ಇದೇ ವಿನ್ಯಾಸ: ಸೌಮ್ಯವಾದ ಅಂಚು ಉಳಿಯುತ್ತದೆ, ಸ್ತರಭಂಗದ ಅಂಚು ನಜ್ಜುಗುಜ್ಜಾಗುತ್ತದೆ. ಆದರೆ ಇಂಥ ವಿನ್ಯಾಸ ಸೀಳುತಗ್ಗಿಲ್ಲದೆಯೂ ಹುಟ್ಟಬಹುದು. ಚಾಡ್ವಿಕ್ ಮತ್ತು ಸಂಗಡಿಗರೇ ಇಡೀ ಧಾರವಾಡವನ್ನು ಫಲಕಗಳು ಓರೆಯಾಗಿ ಎದುರುಗೊಂಡ ಅಂಚಿನ ವ್ಯವಸ್ಥೆಯಾಗಿ ಓದಿದವರು. ಅವರ ಚಿತ್ರದಲ್ಲಿ ಪೂರ್ವದ ನೈಸ್ ನೆಲ ಪಶ್ಚಿಮಕ್ಕೆ ಏರಿಬಂದದ್ದರಿಂದಲೇ ಆ ಅಂಚು ಹಾಗಾಗಿದೆ. ಎರಡು ಓದುಗಳೂ ಒಂದನ್ನೊಂದು ಅಳಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಏರಿಬಂದದ್ದು ಏಕೆ ಆ ಗೆರೆಯಲ್ಲೇ ಎಂದು ಕೇಳಿದಾಗ ಹಳೆಯ ಅಂಚಿನ ಮಾತು ಮತ್ತೆ ಒಳಗೆ ಬರುತ್ತದೆ.

ಇಲ್ಲಿ ಶಿರಾ ತಾಲ್ಲೂಕಿನ ಅಜ್ಜನಹಳ್ಳಿಯ ಚಿನ್ನದ ಗಣಿ ನೆರವಿಗೆ ಬರುತ್ತದೆ. ಆ ಅದಿರು ಇರುವುದು ಚಿತ್ರದುರ್ಗ ಪಟ್ಟಿಯ ಪೂರ್ವಭಾಗದಲ್ಲಿ, ಮೇಲೆ ಹೇಳಿದ ಶಿಯರ್ ವಲಯದ ಮಗ್ಗುಲಲ್ಲಿ, ಪಟ್ಟೆಪಟ್ಟೆಯಾದ ಕಬ್ಬಿಣಶಿಲೆ ಕಮಾನಾಗಿ ಮಡಿಚಿಕೊಂಡ ಸುಮಾರು ನೂರು ಮೀಟರ್ ಅಗಲದ ಮಡಿಕೆಯೊಂದರಲ್ಲಿ. ಶಿಲೆಯ ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಕಾಣುವುದು ಒಂದು ಪಲ್ಲಟ: ಮೊದಲಿದ್ದ ಮ್ಯಾಗ್ನೆಟೈಟ್, ಸಿಡರೈಟ್ ಖನಿಜಗಳ ಜಾಗದಲ್ಲಿ ಕ್ಲೋರೈಟ್, ಆಂಕರೈಟ್, ಆರ್ಸೆನೊಪೈರೈಟ್, ಪೈರೈಟ್, ಪಿರೋಟೈಟ್, ಅವುಗಳ ಸಂಗಡ ಚಿನ್ನ. ಈ ಬದಲಾವಣೆ ನಡೆದದ್ದು 300ರಿಂದ 350 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ. ಕಬ್ಬಿಣದ ಪಟ್ಟೆಗಳು ಹೆಚ್ಚು ಬದಲಾಗಿವೆ, ಅಕ್ಕಪಕ್ಕದ ಶಿಲೆ ಕಡಿಮೆ. ಗಂಧಕವನ್ನೂ ಚಿನ್ನವನ್ನೂ ಹೊತ್ತು ಬಂದ ದ್ರವಕ್ಕೆ ಕಬ್ಬಿಣ ಸಿಕ್ಕಿದಲ್ಲಿ ಗಂಧಕ ಅದರೊಡನೆ ಕೂಡಿ ಪೈರೈಟ್ ಆಯಿತು, ಚಿನ್ನವನ್ನು ಕೈಬಿಟ್ಟಿತು. ಸಮಸ್ಥಾನಿಗಳ ಲೆಕ್ಕ ಹೇಳುವಂತೆ ಆ ದ್ರವ ಬಂದದ್ದು ಅದೇ ಷಿಸ್ಟ್ ಪಟ್ಟಿಯ ಆಳದಿಂದ, ಶಿಲೆ ಬಿಸಿಯೇರಿ ತನ್ನೊಳಗಿನ ನೀರು-ಇಂಗಾಲಾಮ್ಲ ಕಳೆದುಕೊಂಡಾಗ. ಈ ಅದಿರಿಗೆ ಪ್ರಕಟವಾಗಿರುವ ವಯಸ್ಸು 252 ಕೋಟಿ ವರ್ಷ, 90 ಲಕ್ಷ ಹೆಚ್ಚುಕಡಿಮೆ. ಸಿಬ್ಸನ್ನರ ಲೆಕ್ಕದ ಮೂರನೆಯ ದಾರಿ, ಎಂದರೆ ದ್ರವದ ಒತ್ತಡದಿಂದ ಬಿಗಿದ ಸ್ತರಭಂಗ ಬಿಡಿಸಿಕೊಳ್ಳುವುದು, ಇಲ್ಲಿ ನಡೆದಿರಬಹುದು ಎನ್ನಲು ಇದಕ್ಕಿಂತ ಒಳ್ಳೆಯ ಗುರುತು ಈ ನಾಲ್ಕು ತಾಲ್ಲೂಕುಗಳಲ್ಲಿ ಇಲ್ಲ. ಚಿನ್ನದ ಲೆಕ್ಕಕ್ಕೆ ಅಜ್ಜನಹಳ್ಳಿ ಸಣ್ಣ ಗಣಿ. ಈ ಪ್ರಶ್ನೆಯ ಮಟ್ಟಿಗೆ ಹಟ್ಟಿ, ಕೋಲಾರಗಳಿಗಿಂತ ದೊಡ್ಡದು.

ಈಗ ಮಧುಗಿರಿಗೆ ಬರೋಣ. ಇಲ್ಲಿನ ಗ್ರಾನೈಟಿಗೆ ಕ್ಲೋಸ್‌ಪೇಟೆ ಎಂಬ ಹೆಸರು ಬಂದದ್ದು ರಾಮನಗರಕ್ಕೆ ಆಗ ಇದ್ದ ಹೆಸರಿನಿಂದ, ಬಿ. ಪಿ. ರಾಧಾಕೃಷ್ಣ 1956ರಲ್ಲಿ ಅದರ ಮೇಲೆ ಬರೆದ ಗ್ರಂಥ ಇಂದಿಗೂ ಈ ವಿಷಯದ ಬಾಗಿಲು. ಸುಮಾರು 400 ಕಿಲೋಮೀಟರ್ ಉದ್ದ, ಕೇವಲ 20ರಿಂದ 30 ಕಿಲೋಮೀಟರ್ ಅಗಲ. ಈ ಅಳತೆಯೇ ವಿಚಿತ್ರ. ಶಿಲಾಪಾಕ ತನ್ನಿಷ್ಟಕ್ಕೆ ಏರಿದರೆ ಗುಂಡಗೆ, ಅಂಡಾಕಾರವಾಗಿ ಉಬ್ಬಬೇಕು. ಇದು ದಾರ ಎಳೆದಂತೆ ನೆಟ್ಟಗೆ ನಿಂತಿದೆ. ಮಧುಗಿರಿ ಸೀಮೆಯ ಹಾಸುಬಂಡೆಗಳ ಮೇಲೆ ಮಳೆ ತೊಳೆದ ಜಾಗ ನೋಡಿ ಕೂತರೆ ಕಾರಣದ ಒಂದು ತುಣುಕು ಸಿಗುತ್ತದೆ: ನಸುಗೆಂಪು ಫೆಲ್ಡ್‌ಸ್ಪಾರ್ ಹರಳುಗಳು, ಹೆಬ್ಬೆರಳಿನಷ್ಟು ಉದ್ದದವು, ಬಹುಪಾಲು ಒಂದೇ ದಿಕ್ಕಿಗೆ ತಲೆಹಾಕಿ ಮಲಗಿರುತ್ತವೆ. ನಡುನಡುವೆ ಕಪ್ಪುಶಿಲೆಯ ತುಂಡುಗಳು ಅದೇ ದಿಕ್ಕಿಗೆ ಚಪ್ಪಟೆಯಾಗಿ ಎಳೆದುಕೊಂಡಿವೆ. ಹರಳುಗಳ ಮೈ ಮುರಿದಿಲ್ಲ. ಹಾಗಾದರೆ ಎಳೆತ ನಡೆದಾಗ ಅವುಗಳ ಸುತ್ತ ಇನ್ನೂ ದ್ರವ ಉಳಿದಿತ್ತು. ಗ್ರಾನೈಟ್ ಏರಿದ್ದೂ ನೆಲ ಸರಿದದ್ದೂ ಒಟ್ಟೊಟ್ಟಿಗೆ. ಝಾನ್-ಫ್ರಾನ್ಸ್ವಾ ಮೋಯೆನ್, ಎಂ. ಜಯಾನಂದ ಮತ್ತಿತರರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಬೆಟ್ಟಸಾಲಿನ ಉದ್ದಕ್ಕೂ ಓದಿದರು. ದಕ್ಷಿಣದ ತುದಿಯಲ್ಲಿ ಶಿಲಾಪಾಕ ಸಕ್ರಿಯ ಶಿಯರ್ ವಲಯಗಳೊಳಗೆ ಒಟ್ಟುಗೂಡಿದ ಬೇರುಭಾಗ, ಉತ್ತರದಲ್ಲಿ ಮೇಲ್ಮಟ್ಟಕ್ಕೆ ತಲುಪಿ ಅಂಡಾಕಾರವಾಗಿ ನಿಂತ ಬಿಡಿ ಬಿಡಿ ಗ್ರಾನೈಟುಗಳು, ನಡುವೆ ಹರಳು ತುಂಬಿದ ಶಿಲಾಪಾಕ ಮೇಲಕ್ಕೆ ಸಾಗಿದ ಭಾಗ. ಇಡೀ ಭೂತೊಗಟೆ ಉತ್ತರಕ್ಕೆ ಓರೆಯಾಗಿರುವುದರಿಂದ, ದಕ್ಷಿಣದಿಂದ ಉತ್ತರಕ್ಕೆ ನಡೆದರೆ ಆಳದಿಂದ ಮೇಲಕ್ಕೆ ಹತ್ತಿದ ಹಾಗೆ. ಕೊರಟಗೆರೆ, ಮಧುಗಿರಿ, ಪಾವಗಡಗಳು ಈ ಏಣಿಯ ನಡುವಿನ ಮೆಟ್ಟಿಲುಗಳು.

ವಯಸ್ಸಿನ ಮಾತು. ಫ್ರೆಂಡ್ ಮತ್ತು ನಟ್‌ಮನ್ 1991ರಲ್ಲಿ ಕ್ಲೋಸ್‌ಪೇಟೆ ಗ್ರಾನೈಟಿನ ಜಿರ್ಕಾನ್ ಹರಳುಗಳಿಂದ ಪಡೆದ ವಯಸ್ಸು 251.3 ಕೋಟಿ ವರ್ಷ, 50 ಲಕ್ಷ ಹೆಚ್ಚುಕಡಿಮೆ. ಅಜ್ಜನಹಳ್ಳಿಯ ಅಂಕಿಯ ಪಕ್ಕದಲ್ಲಿ ಇದನ್ನಿಡಿ: ಒಂದರ ವ್ಯಾಪ್ತಿ 251.1ರಿಂದ 252.9, ಇನ್ನೊಂದರದು 250.8ರಿಂದ 251.8. ಎರಡೂ ಒಂದರ ಮೇಲೊಂದು ಬೀಳುತ್ತವೆ. ಅಷ್ಟರಿಂದ ಎರಡು ಘಟನೆ ಒಂದೇ ಗಳಿಗೆಯವು ಎಂದಾಗದು. 70 ಲಕ್ಷ ವರ್ಷಗಳ ಆ ಸಮಾನ ಜಾಗದಲ್ಲಿ ಹಿಮಾಲಯದ ಒಂದು ಭಾಗವೇ ಎದ್ದು ನಿಲ್ಲಬಹುದು. ಆದರೆ ಬುಕ್ಕಾಪಟ್ಟಣದ ಅಂಚಿನಲ್ಲಿ ದ್ರವ ಹರಿಯುತ್ತಿದ್ದ ಕಾಲಕ್ಕೂ, ಐವತ್ತು ಅರವತ್ತು ಕಿಲೋಮೀಟರ್ ಪೂರ್ವದಲ್ಲಿ ಶಿಲಾಪಾಕ ಏರುತ್ತಿದ್ದ ಕಾಲಕ್ಕೂ ನಡುವೆ ಗೆರೆ ಎಳೆಯಲು ಈ ಅಂಕಿಗಳು ಬಿಡುವುದಿಲ್ಲ.

ಹಾಗಿದ್ದರೆ ಮಧುಗಿರಿಯ ಗ್ರಾನೈಟ್ ಏರಿದ ಶಿಯರ್ ವಲಯವೂ ಹಳೆಯ ಸೀಳೇ? ಇಲ್ಲಿ ನಾನು ಹಿಂಜರಿಯುತ್ತೇನೆ. ಚಿತ್ರದುರ್ಗದ ಅಂಚಿನಲ್ಲಿ ತಗ್ಗು ತುಂಬಿದ ಪದರಗಳು ಸಾಕ್ಷಿಗಿವೆ. ಮಧುಗಿರಿಯಲ್ಲಿ ಗ್ರಾನೈಟ್ ತಾನು ಬಂದ ದಾರಿಯನ್ನೇ ನುಂಗಿಕೊಂಡಿದೆ. ಈ ಹಿಂಜರಿಕೆಗೆ ಹಳೆಯ ವಿವಾದವೊಂದರ ನಂಟೂ ಇದೆ. ಧಾರವಾಡದ ಪಶ್ಚಿಮ ಮತ್ತು ಪೂರ್ವ ಖಂಡಗಳ ನಡುವಿನ ಗಡಿ ಎಲ್ಲಿ? ಕೆಲವರು ಕ್ಲೋಸ್‌ಪೇಟೆ ಗ್ರಾನೈಟನ್ನೇ ಗಡಿಗಲ್ಲಾಗಿ ಬಳಸಿದರು. ಸ್ವಾಮಿನಾಥ್ ಮತ್ತು ರಾಮಕೃಷ್ಣನ್ ಅವರಿಂದ ಮುಂದೆ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಓದು ಚಿತ್ರದುರ್ಗದ ಪೂರ್ವದ ಶಿಯರ್ ವಲಯವನ್ನು ಗಡಿ ಎಂದಿತು. ಮೊದಲ ಲೆಕ್ಕದಲ್ಲಿ ಶಿರಾ ಪೇಟೆ ಪಶ್ಚಿಮದ್ದು, ಎರಡನೆಯದರಲ್ಲಿ ಪೂರ್ವದ್ದು. 2013ರಲ್ಲಿ ಪ್ಯೂಕಾ ಮತ್ತು ಸಂಗಡಿಗರು ನಡುವೆ ಮೂರನೆಯದೊಂದು ಖಂಡವನ್ನು ಸೂಚಿಸಿದ ಮೇಲೆ ನಾಲ್ಕೂ ತಾಲ್ಲೂಕುಗಳ ಬಹುಭಾಗ ಆ ಮಧ್ಯಖಂಡಕ್ಕೆ ಸೇರಿಹೋಯಿತು. ಎರಡು ಗೆರೆಗಳಿಗೂ ಒಂದೇ ಹುಟ್ಟಿನ ಕಥೆ ಕಟ್ಟುವವರು ಈ ನಡುವಿನ ಶಿರಾ ಬಯಲನ್ನು ಲೆಕ್ಕಕ್ಕೆ ತರುವುದು ಕಡಿಮೆ. ಅಲ್ಲಿನ ನೈಸ್ ಶಿಲೆಯ ಪಟ್ಟೆಗಳೂ ಬಹುಮಟ್ಟಿಗೆ ಉತ್ತರ-ದಕ್ಷಿಣವೇ, ಆದರೆ ಅಲ್ಲಿ ಗ್ರಾನೈಟಿನ ಬೆಟ್ಟಸಾಲೂ ಇಲ್ಲ, ಚಿನ್ನವೂ ಇಲ್ಲ. ದಿಕ್ಕು ಒಂದೇ ಆದ ಮಾತ್ರಕ್ಕೆ ಎಲ್ಲ ಗೆರೆಯೂ ದಾರಿಯಾಗುವುದಿಲ್ಲ.

ದಿಕ್ಕಿನ ವಾದಕ್ಕೆ ಇನ್ನೂ ಜೋರಾದ ಏಟು ಕೊಡುವುದು ಕರಿಕಲ್ಲಿನ ಡೈಕುಗಳು, ಎಂದರೆ ಬಿರುಕುಗಳಲ್ಲಿ ಶಿಲಾಪಾಕ ತುಂಬಿ ಗೋಡೆಯಂತೆ ಗಟ್ಟಿಯಾದ ಶಿಲೆಗಳು. ಬೆಂಗಳೂರು ಸುತ್ತಲಿಂದ ಅನಂತಪುರದ ಕಡೆಗೆ ಹರಡಿರುವ, ಪೂರ್ವ-ಪಶ್ಚಿಮವಾಗಿ ಓಡುವ ಡೊಲೆರೈಟ್ ಡೈಕುಗಳ ಗುಂಪಿಗೆ ಹೆನ್ರಿ ಹಾಲ್ಸ್, ಅನಿಲ್ ಕುಮಾರ್, ಆರ್. ಶ್ರೀನಿವಾಸನ್, ಮೈಕೇಲ್ ಹ್ಯಾಮಿಲ್ಟನ್ ಅವರು 2007ರಲ್ಲಿ ಕೊಟ್ಟ ವಯಸ್ಸು ಸುಮಾರು 237 ಕೋಟಿ ವರ್ಷ. ಅಂದರೆ ಪರ್ವತಗಳು ಎದ್ದು ಹದಿನಾಲ್ಕು ಕೋಟಿ ವರ್ಷ ಕಳೆದ ಮೇಲೆ, ನೆಲ ಮತ್ತೆ ಹಿಗ್ಗಿದಾಗ, ಶಿಲಾಪಾಕ ಕಣ್ಣೆದುರಿಗಿದ್ದ ಉತ್ತರ-ದಕ್ಷಿಣದ ಗೆರೆಗಳನ್ನೆಲ್ಲ ಬಿಟ್ಟು ಅವುಗಳಿಗೆ ಅಡ್ಡಲಾಗಿ ಸೀಳಿಕೊಂಡು ಹೋಯಿತು. ಡೈಕು ತನ್ನ ಬಿರುಕನ್ನು ತಾನೇ ತೆರೆದುಕೊಳ್ಳಬಲ್ಲದು. ಅದಕ್ಕೆ ಬೇಕಾದದ್ದು ಎಳೆತದ ದಿಕ್ಕು ಮಾತ್ರ. ಉತ್ತರ-ದಕ್ಷಿಣಕ್ಕೆ ಎಳೆದಾಗ ಉತ್ತರ-ದಕ್ಷಿಣದ ಹಳೆಯ ಗೆರೆ ಏನೂ ಮಾಡಲಾರದು. ಹಳೆಯ ಸ್ತರಭಂಗ ಮತ್ತೆ ಕೆಲಸಕ್ಕೆ ಬರುವುದು ಹೊಸ ಒತ್ತಡ ಅದಕ್ಕೆ ತಕ್ಕ ಕೋನದಲ್ಲಿ ಬಂದಾಗ. ಪಶ್ಚಿಮ ಕರಾವಳಿಯಲ್ಲಿ ಹಾಗೆ ಆಯಿತು: ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಬೇರೆಯಾದಾಗ ಒಡೆದ ಗೆರೆ ಧಾರವಾಡದ ವಾಯವ್ಯ-ಆಗ್ನೇಯ ಜಾಡಿಗೆ ಬಹುಮಟ್ಟಿಗೆ ಹೊಂದಿಕೊಂಡೇ ಇದೆ. ಆ ಕಾಲದ ಜ್ವಾಲಾಮುಖಿ ಶಿಲೆ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಕಂಬಕಂಬವಾಗಿ ನಿಂತಿದೆ.

ಇಂದಿನ ನೀರಿನ ದಾರಿಯನ್ನೂ ಈ ಎಚ್ಚರದಲ್ಲೇ ಓದಬೇಕು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ; ಅದೇ ಬೆಟ್ಟಗಳ ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿಗೆ ಸೇರುತ್ತದೆ. ಎರಡೂ ಗ್ರಾನೈಟ್ ಪಟ್ಟಿಯ ಉದ್ದದ ದಿಕ್ಕನ್ನು ಹಿಡಿದಿವೆ. ಕೊಳವೆಬಾವಿ ತೋಡುವವರಿಗೆ ಮಾತ್ರ ಬೇರೆಯದೇ ಅನುಭವ. ಈ ಕಲ್ಲಿನಲ್ಲಿ ನೀರು ಸಿಗುವುದು ತಡವಾಗಿ ತೆರೆದುಕೊಂಡ ಬಿರುಕುಗಳಲ್ಲಿ. 250 ಕೋಟಿ ವರ್ಷ ಹಳೆಯ ಶಿಯರ್ ವಲಯ ಬಿಸಿಯಲ್ಲಿ ಬೆಸೆದುಕೊಂಡು ಎಷ್ಟೋ ಕಡೆ ಸುತ್ತಲ ಶಿಲೆಗಿಂತ ಬಿಗಿಯಾಗಿದೆ. ಪಾವಗಡದ ನೀರಿನ ಫ್ಲೋರೈಡಿಗೂ ಮೂಲ ಈ ಗ್ರಾನೈಟಿನ ಖನಿಜಗಳೇ, ಸೀಳುಗಳಲ್ಲ.

ಆಳದ ಸಾಕ್ಷಿ ಸ್ವಲ್ಪ ಇದೆ. 1970ರ ದಶಕದಲ್ಲಿ ಆಂಧ್ರದ ಕಾವಲಿಯಿಂದ ಉಡುಪಿಯವರೆಗೆ ಸುಮಾರು 600 ಕಿಲೋಮೀಟರ್ ಉದ್ದಕ್ಕೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಸ್ಫೋಟಗಳ ಅಲೆಗಳಿಂದ ಭೂತೊಗಟೆಯನ್ನು ಅಳೆಯಿತು, ಕೆ. ಎಲ್. ಕೈಲಾ ಮತ್ತು ಸಂಗಡಿಗರ ವರದಿ 1979ರದು. ನಕ್ಷೆಯಲ್ಲಿ ಈ ಎರಡು ಊರುಗಳ ನಡುವೆ ನೇರ ಗೆರೆ ಎಳೆದರೆ ಅದು ಪಾವಗಡದ ಹತ್ತಿರವೇ ಹಾಯುತ್ತದೆ. ಭೂತೊಗಟೆಯೊಳಗೆ ಆಳಕ್ಕಿಳಿಯುವ ಹಲವು ಸ್ತರಭಂಗಗಳನ್ನು ಆ ವರದಿ ಗುರುತಿಸಿತು. ಆಮೇಲಿನ ಭೂಕಂಪ ಅಲೆಗಳ ಅಧ್ಯಯನಗಳು ಭೂತೊಗಟೆಯ ದಪ್ಪ ಪೂರ್ವದಲ್ಲಿ 35 ಕಿಲೋಮೀಟರ್ ಆಸುಪಾಸು, ಪಶ್ಚಿಮದಲ್ಲಿ 40ನ್ನು ಮೀರಿ 50ರವರೆಗೂ ಹೋಗುತ್ತದೆ ಎಂದು ತೋರಿಸಿವೆ. ಪರ್ವತಗಳು ಸವೆದು ಇಷ್ಟು ಕಾಲವಾದರೂ ದಪ್ಪದ ಈ ವ್ಯತ್ಯಾಸ ಮಾಸಿಲ್ಲ. ಬದಲಾವಣೆ ನಡೆಯುವುದು ಕ್ಲೋಸ್‌ಪೇಟೆ ಗ್ರಾನೈಟಿನ ಕೆಳಗಲ್ಲ, ಹೆಚ್ಚಾಗಿ ಚಿತ್ರದುರ್ಗ ಪಟ್ಟಿಯ ಕಡೆಗೆ ಎಂಬುದನ್ನು ನಾನು ಬುಕ್ಕಾಪಟ್ಟಣದ ಅಂಚಿನ ಪರವಾಗಿ ಎಣಿಸುತ್ತೇನೆ.

ಈ ವಾದ ಬೀಳಬೇಕಾದರೆ ಹೇಗೆ ಬೀಳುತ್ತದೆ ಎಂದೂ ಹೇಳಬೇಕು. ಪೂರ್ವದ ಅಂಚು ಮೊದಲೇ ಸ್ತರಭಂಗವಾಗಿದ್ದರೆ, ತಗ್ಗು ತುಂಬಿದ ಪದರಗಳು ಆ ಅಂಚಿನ ಕಡೆಗೆ ದಪ್ಪವಾಗಬೇಕು. ಪಿಂಡಶಿಲೆಯ ಉರುಟುಗಲ್ಲುಗಳು ಆ ಕಡೆಗೆ ದೊಡ್ಡದಾಗಬೇಕು. ಅವುಗಳೊಳಗಿನ ಜಿರ್ಕಾನ್ ವಯಸ್ಸುಗಳು ಶಿರಾ ಬಯಲಿನ ನೈಸ್ ಶಿಲೆಗೆ ಹೊಂದಬೇಕು. ಆ ಕಲ್ಲುಗಳಲ್ಲಿ ಬರೀ ಪಶ್ಚಿಮದ 300 ಕೋಟಿ ವರ್ಷ ಮೀರಿದ ಹರಳುಗಳೇ ಸಿಕ್ಕರೆ, ತಗ್ಗು ತುಂಬುತ್ತಿದ್ದಾಗ ಶಿರಾ ಕಡೆಯ ನೆಲ ಪಕ್ಕದಲ್ಲಿ ಎತ್ತರವಾಗಿ ನಿಂತಿರಲಿಲ್ಲ, ಬಹುಶಃ ಆ ಸೀಮೆಯಲ್ಲೇ ಇರಲಿಲ್ಲ ಎಂದಾಗುತ್ತದೆ. ಆಗ ಅಂಚಿನ ಬಳುವಳಿಯ ಮಾತನ್ನು ಕೈಬಿಟ್ಟು ಚಾಡ್ವಿಕ್ ತಂಡದ ಓದನ್ನು ಪೂರ್ತಿಯಾಗಿ ಒಪ್ಪಬೇಕು. ಅದಿರು ಹುಡುಕಲು ಕೊರೆದ ಶಿಲಾಕಡ್ಡಿಗಳು ಈ ಪರೀಕ್ಷೆಗೆ ಬಳಸಬಹುದಾದ ಸಿದ್ಧ ಸಾಮಗ್ರಿ. ಅಜ್ಜನಹಳ್ಳಿಯ ಪಟ್ಟಿಯಿಂದ ಪೂರ್ವಕ್ಕೆ ಬುಕ್ಕಾಪಟ್ಟಣದ ಗುಡ್ಡಗಳನ್ನು ದಾಟಿ ಶಿರಾ ಬಯಲಿನವರೆಗೆ ಒಂದೇ ಅಡ್ಡಗೆರೆಯಲ್ಲಿ ಪಿಂಡಶಿಲೆ, ಶಿಯರ್ ಶಿಲೆ, ನೈಸ್ ಈ ಮೂರರ ಜಿರ್ಕಾನ್‌ಗಳನ್ನು ಅಳೆಯುವುದರಿಂದ ಕೆಲಸ ಶುರುಮಾಡಬೇಕು. ಮಧುಗಿರಿಯ ಸರದಿ ಅದರ ನಂತರ.